ಚೆನ್ನೈಯಲ್ಲಿ ಎಲೆ ಕೆಂಪಾಗೋದಿಲ್ಲ ಅಂದವರು ಯಾರು ಸ್ವಾಮಿ?

ಪ್ರತಿ ವರ್ಷ ಅಕ್ಟೋಬರ್ ಮೂರನೇ ವಾರ ಬಂತೆಂದರೆ ನನ್ನ ಫೋನಿನೊಳಗೆ ಎಲೆ ಉದುರಲು ಶುರುವಾಗುತ್ತದೆ. ನ್ಯೂಜೆರ್ಸಿಯಿಂದ ಭಾವಮೈದುನ, ಬಾಸ್ಟನ್ನಿನಿಂದ ಕಾಲೇಜಿನ ರೂಂಮೇಟು, ಟೊರಾಂಟೋದಿಂದ ನನ್ನಾಕೆಯ ಚಿಕ್ಕಮ್ಮನ ಮಗಳು... ಒಬ್ಬರಾದ ಮೇಲೊಬ್ಬರು ಕೆಂಪು, ಕಿತ್ತಳೆ, ಹಳದಿ ಮರಗಳನ್ನು ಕಳಿಸುತ್ತಾರೆ. "ಫಾಲ್ ಕಲರ್ಸ್ ಭಾವ, ಹೇಗಿದೆ?" ಅಂತ ಅಡಿಬರಹ. ಆ ಹೊತ್ತಿಗೆ ಇಲ್ಲಿ ಕೆ.ಕೆ.ನಗರದ ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಿರುತ್ತದೆ, ಕರೆಂಟು ಹೋಗಿರುತ್ತದೆ, ನಾನು ಪ್ಯಾಂಟು ಮಡಚಿಕೊಂಡು ಹಾಲಿನ ಪ್ಯಾಕೆಟ್ಟು ಹುಡುಕಿಕೊಂಡು ಹೊರಟಿರುತ್ತೇನೆ. "ಚೆನ್ನಾಗಿದೆ ಕಣಪ್ಪಾ" ಅಂತ ಟೈಪ್ ಮಾಡಿ ಕಳಿಸುತ್ತೇನೆ. ಚೆನ್ನಾಗಿಯೇ ಇರುತ್ತದೆ, ಅದರಲ್ಲಿ ಸುಳ್ಳಿಲ್ಲ.

ಅದಾದ ಮೇಲೆ ತಪ್ಪದೆ ಒಂದು ಮಾತು ಬರುತ್ತದೆ ನೋಡಿ, ನನ್ನ ಜಗಳ ಇರುವುದು ಆ ಮಾತಿನ ಜೊತೆ. "ಪಾಪ, ನಿಮ್ಮ ಚೆನ್ನೈಯಲ್ಲಿ ಎಲ್ಲಿ ಇದೆಲ್ಲಾ? ನಿಮಗಿರೋದು ಮೂರೇ ಋತು: ಹಾಟ್, ಹಾಟರ್, ಹಾಟೆಸ್ಟ್!" 1998ರಲ್ಲಿ ನಾನು ಅರಸೀಕೆರೆ ಬಿಟ್ಟು ಈ ಊರಿಗೆ ಬಂದು ಇಳಿದಾಗಿನಿಂದ ಈ ಜೋಕು ಕೇಳುತ್ತಿದ್ದೇನೆ. ಬೆಂಗಳೂರಿನ ಮದುವೆ ಮನೆಗಳಲ್ಲಿ ಕೇಳಿದ್ದೇನೆ, ಶತಾಬ್ದಿ ರೈಲಿನಲ್ಲಿ ಕೇಳಿದ್ದೇನೆ, ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಕೇಳಿದ್ದೇನೆ. ತಮಿಳರೂ ಹೇಳಿಕೊಂಡು ನಗುತ್ತಾರೆ, ಅದು ಅವರ ಊರು, ಅವರಿಷ್ಟ. ಆದರೆ ಇಲ್ಲೇ ಇಪ್ಪತ್ತು-ಮೂವತ್ತು ವರ್ಷ ಇದ್ದು, ಇಲ್ಲೇ ಫ್ಲ್ಯಾಟು ಕೊಂಡು, ಮಕ್ಕಳನ್ನು ಇಲ್ಲೇ ಓದಿಸಿ, ಇಲ್ಲಿಯ ರೇಷನ್ ಕಾರ್ಡು ಇಟ್ಟುಕೊಂಡ ನಾವು ಕನ್ನಡದವರು ಈ ಜೋಕು ಹೇಳುವಾಗ ಮುಖದ ಮೇಲೆ ಒಂದು ಕಳೆ ಬರುತ್ತದಲ್ಲ, ಅದು ನನಗೆ ಸೇರುವುದಿಲ್ಲ. "ನಾವು ಇಲ್ಲಿಯವರಲ್ಲ, ಸುಮ್ಮನೆ ಸಂಬಳಕ್ಕೆ ಇದ್ದೇವೆ" ಅನ್ನುವ ಕಳೆ. ಕಾಲು ಶತಮಾನದ ನಂತರವೂ!

(ಒಂದು ಸಣ್ಣ ತಿದ್ದುಪಡಿ: ಮೈಲಾಪುರದಲ್ಲಿ ಹೋಗಿ "ಸೀಸನ್" ಅಂತ ಹೇಳಿ ನೋಡಿ. ಡಿಸೆಂಬರಿನ ಕಚೇರಿ, ಸಭಾ ಕ್ಯಾಂಟೀನು ಅಂತಲೇ ಅರ್ಥ. ಆ ಲೆಕ್ಕಕ್ಕೆ ಈ ಊರಿಗೆ ನಾಲ್ಕನೆಯ ಋತುವೊಂದು ಇದ್ದೇ ಇದೆ.)

ಮೊದಲು ಪಂಚಾಂಗದ ವಿಷಯ ಮುಗಿಸಿಬಿಡೋಣ. ನಮಗೆ ಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು ಆಟಮ್ ಅಂದರೆ ಶರದೃತು ಅಂತ ಬಾಯಿಪಾಠ ಮಾಡಿಸಿದರು. ಡ್ರಾಯಿಂಗ್ ಕ್ಲಾಸಿನಲ್ಲಿ ಶರದೃತು ಬರಿ ಅಂದರೆ ಬೋಳು ಮರ, ಕೆಳಗೆ ಹಳದಿ ಎಲೆ ಬರೆಯುತ್ತಿದ್ದೆವು. ಕಿಟಕಿಯಾಚೆ ನೋಡಿದ್ದರೆ ಗೊತ್ತಾಗುತ್ತಿತ್ತು. ಶರತ್ ಅಂದರೆ ಆಶ್ವಯುಜ, ಕಾರ್ತಿಕ. ನವರಾತ್ರಿ, ದೀಪಾವಳಿ. ಮಳೆಗಾಲ ಕಳೆದು ಆಕಾಶ ತೊಳೆದಿಟ್ಟ ಹಾಗೆ ಇರುವ, ಹೊಲದಲ್ಲಿ ರಾಗಿ ತೆನೆ ಕಟ್ಟುವ, ಮರಗಳೆಲ್ಲ ಗಾಢ ಹಸಿರಾಗಿರುವ ಕಾಲ ಅದು. ನಮ್ಮಲ್ಲಿ ಎಲೆ ಉದುರುವುದು ಶಿಶಿರದಲ್ಲಿ. ಮಾಘ, ಫಾಲ್ಗುಣ. ಸಂಕ್ರಾಂತಿಯ ಆಸುಪಾಸಿನಿಂದ ಶಿವರಾತ್ರಿ ದಾಟುವವರೆಗೆ. ಬಂಡೀಪುರದ ಕಾಡು ಬೋಳಾಗುವುದೂ ಆಗಲೇ, ಮುತ್ತುಗ ಹೂ ಬಿಡುವುದೂ ಆಗಲೇ. ಅಂದರೆ ನಾವು ಅಕ್ಟೋಬರಿನಲ್ಲಿ ಕಿಟಕಿ ತೆಗೆದು "ಎಲ್ಲಿದೆ ಕೆಂಪೆಲೆ?" ಅಂತ ಕೇಳುತ್ತಿರುವುದು ಯುಗಾದಿಯ ದಿನ ಪಟಾಕಿ ಯಾಕಿಲ್ಲ ಅಂತ ಕೇಳಿದ ಹಾಗೆ.

ತಮಿಳರ ಕಥೆಯೂ ಅಷ್ಟೇ. ಅವರ ಹಳೆಯ ಲೆಕ್ಕದಲ್ಲೂ ಆರು ಕಾಲ: ಕಾರ್, ಕೂದಿರ್, ಮುನ್ಪನಿ, ಪಿನ್ಪನಿ, ಇಳವೇನಿಲ್, ಮುದುವೇನಿಲ್. ಮುಂಚಿನ ಮಂಜು, ಹಿಂದಿನ ಮಂಜು ಅಂತ ಎರಡು ಮಂಜಿನ ಕಾಲಗಳನ್ನೇ ಬೇರೆ ಮಾಡಿ ಹೆಸರಿಟ್ಟ ಜನ! ಈಗ ಆಟಮ್‌ಗೆ "ಇಲೈಯುದಿರ್ ಕಾಲಂ" ಅನ್ನುತ್ತಾರೆ, ಎಲೆಯುದುರು ಕಾಲ. ಚೆಂದದ ಪದವೇ, ಆದರೆ ಆ ಆರರ ಪಟ್ಟಿಯಲ್ಲಿ ಅದಿಲ್ಲ. ಅವರ ಮಕ್ಕಳೂ ಅಕ್ಟೋಬರ್ ಮಳೆಯಲ್ಲಿ ಕುಳಿತು ಕೆಂಪು ಮೇಪಲ್ ಎಲೆಗೆ ಬಣ್ಣ ತುಂಬುತ್ತವೆ.

ಈ ಭ್ರಮೆಗೆ ನಮ್ಮ ತಲೆಮಾರಿನವರಿಗೆ ಇನ್ನೊಂದು ಕಾರಣವೂ ಇದೆ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಅದರ ಜೊತೆ ಬಂದಿದ್ದ ವಾಲ್‌ಪೇಪರ್‌ಗಳಲ್ಲಿ 'ಆಟಮ್' ಅಂತ ಒಂದಿತ್ತು, ನೆನಪಿದೆಯಾ? ಕೆಂಪು ಎಲೆ ಹಾಸಿದ ಒಂದು ಹಾದಿ. ಕೆನಡಾದ ಒಂಟಾರಿಯೋದಲ್ಲಿ ತೆಗೆದ ಚಿತ್ರ ಅದು. ಅಂಬತ್ತೂರಿನ ನಮ್ಮ ಆಫೀಸಿನಲ್ಲಿ ಅರ್ಧಕ್ಕರ್ಧ ಕಂಪ್ಯೂಟರುಗಳಲ್ಲಿ ಆ ಹಾದಿ ಇತ್ತು. ನಾನೂ ನಾಲ್ಕು ವರ್ಷ ದಿನಕ್ಕೆ ಒಂಬತ್ತು ಗಂಟೆ ಅದನ್ನೇ ನೋಡಿದೆ. ಊಟಕ್ಕೆ ಹೊರಗೆ ಬಂದರೆ ಕಾರ್ಖಾನೆ ಗೇಟಿನ ಪಕ್ಕದ ಬಾದಾಮಿ ಮರದ ಕೆಳಗೇ ಸ್ಕೂಟರು ನಿಲ್ಲಿಸಿರುತ್ತಿದ್ದೆ, ಸೀಟಿನ ಮೇಲೆ ಬಿದ್ದ ಕೆಂಪು ಎಲೆಯನ್ನು ಕೈಯಿಂದ ಒರೆಸಿ ಎಸೆದು ಕಿಕ್ ಹೊಡೆಯುತ್ತಿದ್ದೆ. ಒಂದು ದಿನವೂ ಅದನ್ನು ಕೈಗೆತ್ತಿಕೊಂಡು ನೋಡಲಿಲ್ಲ.

ಬಾದಾಮಿ ಅಂದರೆ ಹಾಲಿಗೆ ಹಾಕುವ ಬಾದಾಮಿ ಅಲ್ಲ, ಕಾಡುಬಾದಾಮಿ. ಇಲ್ಲಿ ನಾಟ್ಟು ವಾದುಮೈ ಅನ್ನುತ್ತಾರೆ. ನಿಮ್ಮ ಸ್ಕೂಲಿನ ಕಾಂಪೌಂಡಿನಲ್ಲೂ ಒಂದು ಇದ್ದೇ ಇರುತ್ತೆ, ಹಣ್ಣು ಕಲ್ಲಿನಲ್ಲಿ ಕುಟ್ಟಿ ಒಳಗಿನ ಬೆರಳು ಗಾತ್ರದ ತಿರುಳು ತಿಂದಿರುತ್ತೀರಿ, ಯೂನಿಫಾರಂಗೆ ಕರೆ ಮಾಡಿಕೊಂಡು ಏಟೂ ತಿಂದಿರುತ್ತೀರಿ. ಸಮುದ್ರ ತೀರದ ಮರ ಅದು. ಕಾಯಿ ನೀರಿನಲ್ಲಿ ತೇಲಿಕೊಂಡು ಹೋಗಿ ಇನ್ನೊಂದು ದಡದಲ್ಲಿ ಮೊಳೆಯುತ್ತದೆ. ಹಾಗಾಗಿ ಮದ್ರಾಸಿನ ಉಪ್ಪುಗಾಳಿ, ಮರಳು ನೆಲ ಅದಕ್ಕೆ ತವರುಮನೆ. ಛತ್ರಿಯ ಮೇಲೆ ಛತ್ರಿ ಇಟ್ಟ ಹಾಗೆ ಅಂತಸ್ತು ಅಂತಸ್ತಾಗಿ ಕೊಂಬೆ. ಅಂಗೈಗಿಂತ ದೊಡ್ಡ ಎಲೆ.

ತಂಪು ದೇಶದ ಮರಗಳಿಗೆ ಗಡಿಯಾರ ಅಂದರೆ ಚಳಿ ಮತ್ತು ಗಿಡ್ಡವಾಗುವ ಹಗಲು. ಮರ ಎಲೆಯಲ್ಲಿರುವ ಸಾರವನ್ನು ಒಳಗೆ ಎಳೆದುಕೊಳ್ಳುತ್ತದೆ, ಹಸಿರು ಬಣ್ಣ ಒಡೆದುಹೋಗುತ್ತದೆ, ಮೊದಲಿನಿಂದಲೂ ಅಲ್ಲೇ ಅಡಗಿದ್ದ ಹಳದಿ ಕಾಣಿಸಿಕೊಳ್ಳುತ್ತದೆ. ಮೇಪಲ್ಲಿನ ಕೆಂಪು ಮಾತ್ರ ಮೊದಲೇ ಇದ್ದದ್ದಲ್ಲ, ಕೊನೆಯ ದಿನಗಳಲ್ಲಿ ಎಲೆ ಹೊಸದಾಗಿ ತಯಾರಿಸುವ ಬಣ್ಣ. ನಮ್ಮ ಕಡೆ ಗಡಿಯಾರ ಚಳಿಯಲ್ಲ, ನೀರು. ಚೆನ್ನೈಗೆ ವರ್ಷಕ್ಕೆ ಬೀಳುವ ಸುಮಾರು 140 ಸೆಂ.ಮೀ. ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಟೋಬರಿನಿಂದ ಡಿಸೆಂಬರಿನ ಒಳಗೇ ಸುರಿದು ಮುಗಿಯುತ್ತದೆ. ಪೊಂಗಲ್ ಹೊತ್ತಿಗೆ ಆಕಾಶ ಒಣಗುತ್ತದೆ. ಮುಂದೆ ನಾಲ್ಕೈದು ತಿಂಗಳು ಹನಿ ನೀರಿನ ಖಾತ್ರಿ ಇಲ್ಲ. ಅಷ್ಟಗಲದ ಎಲೆಗಳಿಂದ ನೀರು ಆರಿಹೋಗುತ್ತಿದ್ದರೆ ಮರ ಬದುಕುವುದು ಹೇಗೆ? ಖರ್ಚು ಕಡಿಮೆ ಮಾಡುತ್ತದೆ. ಎಲೆ ಕಳಚುತ್ತದೆ. ಕಳಚುವ ಮೊದಲು ಬಾದಾಮಿ ಎಲೆ ಕೆಂಪಾಗುತ್ತದೆ. ಎಂಥ ಕೆಂಪು! ಕೆಲವು ಇಟ್ಟಿಗೆ, ಕೆಲವು ದಾಸವಾಳ, ಕೆಲವು ಒಣಮೆಣಸಿನಕಾಯಿ, ನರಗಳು ಮಾತ್ರ ಹಳದಿ. ಒಂದೇ ಎಲೆಯಲ್ಲಿ ತುದಿ ಕೆಂಪು, ನಡು ಕಿತ್ತಳೆ, ತೊಟ್ಟಿನ ಹತ್ತಿರ ಇನ್ನೂ ಹಸಿರು.

ಇಷ್ಟು ಗೊತ್ತಾಗಲು ನಾನು ಕಾಶ್ಮೀರಕ್ಕೆ ಹೋಗಿಬರಬೇಕಾಯಿತು. ನಗಬೇಡಿ.

2022ರ ಅಕ್ಟೋಬರಿನಲ್ಲಿ ನಾವೊಂದು ಆರು ಜನ ಚೆನ್ನೈ ಕನ್ನಡಿಗರು ಶ್ರೀನಗರಕ್ಕೆ ಚಿನಾರ್ ಮರ ಕೆಂಪಾಗುವುದನ್ನು ಫೋಟೋ ತೆಗೆಯಲು ಹೋದೆವು. ನಮ್ಮ ಅಪಾರ್ಟ್‌ಮೆಂಟಿನ ಬಿ ಬ್ಲಾಕಿನ ಮೈಸೂರಿನವರೊಬ್ಬರು ಅದರ ಮುಂದಾಳು. ಅವರ ಹೆಸರು ಬೇಡ, ಮೈಸೂರಿನವರು ಅಂತಲೇ ಇಟ್ಟುಕೊಳ್ಳೋಣ. ಇಬ್ಬರಿಗೆ ಲಕ್ಷದ ಹತ್ತಿರ ಖರ್ಚು. ಹೊಸ ಲೆನ್ಸಿನ ಲೆಕ್ಕ ಬೇರೆ, ಅದು ಮನೆಯಲ್ಲಿ ಇವತ್ತಿಗೂ ಚರ್ಚೆಯ ವಿಷಯ. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಹಾರಿ ಹೋಗಿ ನಿಶಾತ್ ಬಾಗ್‌ನಲ್ಲಿ ನಿಂತರೆ ಮರ ಮುಕ್ಕಾಲು ಪಾಲು ಹಸಿರು! "ಎರಡು ವಾರ ಬಿಟ್ಟು ಬಂದಿದ್ದರೆ ಬೆಂಕಿ ಹಾಗೆ ಇರುತ್ತಿತ್ತು ಸಾಹೇಬ್" ಅಂದ ಶಿಕಾರಾದವನು. ನಮ್ಮ ರಜೆ ಇದ್ದದ್ದು ಐದು ದಿನ. ಇದ್ದ ಒಂದೆರಡು ಕೆಂಪು ಕೊಂಬೆಗಳ ಮುಂದೆ ಮಹಾರಾಷ್ಟ್ರ, ಗುಜರಾತು, ಕೇರಳದವರೆಲ್ಲ ಕ್ಯೂ ನಿಂತಿದ್ದೆವು. ನಾನು ತೆಗೆದ ಮುನ್ನೂರು ಚಿತ್ರಗಳಲ್ಲಿ ಒಂದಿಷ್ಟನ್ನು ಮನೆಗೆ ಬಂದು ಕಂಪ್ಯೂಟರಿನಲ್ಲಿ ಸ್ಯಾಚುರೇಷನ್ ಏರಿಸಿ ಏರಿಸಿ ಕೆಂಪು ಮಾಡಿದೆ. ಹೌದು, ಮಾಡಿದೆ. ಅದನ್ನೇ ನ್ಯೂಜೆರ್ಸಿಗೆ ಕಳಿಸಿದೆ. "ವಾವ್ ಭಾವ" ಅಂತ ಬಂತು.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಭಾವಮೈದುನ ತೆಗೆಯುವ ಚಿತ್ರಗಳೆಲ್ಲ ಅವನ ಮನೆ ಮುಂದಿನವೇ. ಕಾರು ನಿಲ್ಲಿಸುವ ಜಾಗದಲ್ಲಿ ನಿಂತು, ಕೈಯಲ್ಲಿ ಕಾಫಿ ಲೋಟ ಹಿಡಿದು ತೆಗೆಯುತ್ತಾನೆ. ಅದೇ ಎಲೆಗಳನ್ನು ಶನಿವಾರ ಅವನೇ ಗುಡಿಸುತ್ತಾನೆ, ಬೆನ್ನು ನೋವು ಅಂತ ಅಕ್ಕನಿಗೆ ಫೋನ್ ಮಾಡಿ ಗೋಳಾಡುತ್ತಾನೆ. ಅವನು ಮಾಡುತ್ತಿರುವುದು ಸರಿಯಾಗಿಯೇ ಇದೆ. ತಪ್ಪು ಕಲಿತದ್ದು ನಾನು. ಅವನಿಂದ ಕಲಿಯಬೇಕಾದದ್ದು "ನಿನ್ನ ಮನೆ ಮುಂದೆ ಏನಿದೆ ನೋಡು" ಅನ್ನುವುದನ್ನು, ನಾನು ಕಲಿತದ್ದು "ಅವನ ಮನೆ ಮುಂದೆ ಇರುವಂಥದ್ದು ಎಲ್ಲಿ ಸಿಗುತ್ತೆ ನೋಡು" ಅಂತ.

ಇದೇ ರೋಗದ ಇನ್ನೊಂದು ರೂಪ ಇದೆ. ಇತ್ತೀಚೆಗೆ ಒಂದಿಷ್ಟು ಜನ ಇಲ್ಲಿಯ ಕೆಂಪೆಲೆಯ ಚಿತ್ರ ಹಾಕಿ "ಇದು ವರ್ಮಾಂಟ್ ಅಲ್ಲ, ನಮ್ಮ ಚೆನ್ನೈ!" ಅಂತ ಬರೆಯುತ್ತಾರೆ. ಪ್ರೀತಿಯಿಂದಲೇ ಬರೆಯುತ್ತಾರೆ, ಒಪ್ಪಿದೆ. ಆದರೆ ಬಹುಮಾನ ಹೋದದ್ದು ವರ್ಮಾಂಟಿಗೇ ತಾನೆ? ಕೊಡಗನ್ನು ಭಾರತದ ಸ್ಕಾಟ್ಲೆಂಡ್ ಅಂದ ಹಾಗೆ. ಯಾವ ಸ್ಕಾಟ್ಲೆಂಡಿನವನೂ ತನ್ನ ಊರನ್ನು ಬ್ರಿಟನ್ನಿನ ಮಡಿಕೇರಿ ಅಂತ ಕರೆದುಕೊಂಡದ್ದು ನಾನು ಕೇಳಿಲ್ಲ. ಬೆಂಗಳೂರಿನವರು ಟ್ಯಾಬೆಬುಯಾ ಅರಳಿದಾಗ "ನಮ್ಮ ಚೆರ್ರಿ ಬ್ಲಾಸಮ್" ಅಂತ ಜಪಾನಿನ ಹೆಸರು ಹಿಡಿಯುತ್ತಾರೆ, ಆ ಮರ ದಕ್ಷಿಣ ಅಮೆರಿಕದ ಕಡೆಯದು! ಯಾರಿಗೆ ಯಾರ ಹೆಸರು!

ಬಯಲಲ್ಲಿ ನಿಂತು ವಾದ ಮಾಡುವಾಗ ಎದುರಾಳಿಯ ಬಲವನ್ನೂ ಹೇಳಬೇಕು. ವರ್ಮಾಂಟಿನಲ್ಲಿ ಇಡೀ ಗುಡ್ಡವೇ ಬಣ್ಣ ಬದಲಿಸುತ್ತದೆ, ಇಲ್ಲಿ ಬೀದಿಗೆ ಒಂದೋ ಎರಡೋ ಮರ. ಅದೂ ಒಟ್ಟಿಗೆ ಅಲ್ಲ. ಒಂದು ಮರ ಬೋಳಾಗಿ ಚಿಗುರಿರುತ್ತದೆ, ನಾಲ್ಕು ಮನೆ ಆಚೆಯದು ಆಗಷ್ಟೇ ಕೆಂಪಾಗುತ್ತಿರುತ್ತದೆ. ಹಿಂದೆ ಟ್ರಾನ್ಸ್‌ಫಾರ್ಮರು, ಕೇಬಲ್ ತಂತಿ, ಯಾವುದೋ ಪಕ್ಷದ ಪೋಸ್ಟರು. ವಿಶಾಲ ದೃಶ್ಯ ಬೇಕು ಅನ್ನುವವರಿಗೆ ಚೆನ್ನೈಯಲ್ಲಿ ಏನೂ ಇಲ್ಲ, ಒಪ್ಪಿಕೊಳ್ಳುತ್ತೇನೆ. ಇಲ್ಲಿರುವುದು ಸಮಯ. ಒಂದೇ ಮರವನ್ನು ಆರು ವಾರ, ದಿನಾ, ಹಲ್ಲುಜ್ಜಿಕೊಂಡು ಬಂದು ನೋಡಬಹುದು. ಪ್ರವಾಸಿಗೆ ಐದು ದಿನ, ಅದರಲ್ಲೂ ಎರಡು ದಿನ ಮೋಡ.

2023ರ ಜನವರಿಯಲ್ಲಿ ನಾನು ಹಾಗೆ ಶುರು ಮಾಡಿದೆ, ಮುಖ್ಯವಾಗಿ ಆ ಲೆನ್ಸಿಗೆ ಕೊಟ್ಟ ದುಡ್ಡು ಹೊಟ್ಟೆ ಉರಿಸುತ್ತಿದ್ದುದರಿಂದ. ನಮ್ಮ ಕಾಂಪೌಂಡಿನ ಮೂಲೆಯ ಬಾದಾಮಿ ಮರ. ಜನವರಿ ಮಧ್ಯದಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರೂವರೆ ದಾಟಿದ ಮೇಲೆ. ಏಳಕ್ಕೆ ಬಿಸಿಲು ಎದುರು ಮನೆಯ ನೀರಿನ ಟ್ಯಾಂಕ್ ದಾಟಿ ಮರದ ಕೆಳಗಿನ ಅಂತಸ್ತಿಗೆ ಬರುತ್ತದೆ. ಎಂಟಕ್ಕೆ ಬಿಳಿಚಿಕೊಂಡುಬಿಡುತ್ತದೆ, ಆಮೇಲೆ ತೆಗೆದದ್ದೆಲ್ಲ ವ್ಯರ್ಥ. ಮೊದಲ ವಾರ ನಾನು ಮಾಡಿದ ತಪ್ಪು ಬಿಸಿಲಿಗೆ ಬೆನ್ನು ಮಾಡಿ ನಿಂತದ್ದು. ಎಲೆ ಒರಟು, ಮೇಲ್ಮೈ ಹೊಳಪು, ಬೆಳಕೆಲ್ಲ ಹಿಂದಕ್ಕೆ ಹೊಡೆದು ಕೆಂಪು ಸತ್ತುಹೋಗುತ್ತಿತ್ತು. ಮರದ ಬುಡಕ್ಕೆ ಹೋಗಿ ಸೂರ್ಯನಿಗೆ ಮುಖ ಮಾಡಿ, ಎಲೆ ನಡುವೆ ಬರುವ ಹಾಗೆ ಕುಕ್ಕರಗಾಲಿನಲ್ಲಿ ಕೂತ ದಿನ ಗೊತ್ತಾಯಿತು. ಎಲೆ ದೀಪದ ಹಾಗೆ ಒಳಗಿನಿಂದ ಹತ್ತಿಕೊಂಡಿತು. ವಾಚ್‌ಮನ್ ಹಾಲಿನವನಿಗೆ ಹೇಳುತ್ತಿದ್ದ: "ಸಾರುಕ್ಕು ವೇರೆ ವೇಲೈ ಇಲ್ಲೈ ಪೋಲ."

ತೆಗೆಯಬೇಕು ಅನ್ನುವವರಿಗೆ ಇನ್ನೆರಡು ಮಾತು. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಕೆಂಪನ್ನು ಹಾಳು ಮಾಡುತ್ತದೆ. ಕತ್ತಲ ಹಿನ್ನೆಲೆ ನೋಡಿ ಬೆಳಕು ಜಾಸ್ತಿ ಮಾಡಿಕೊಳ್ಳುತ್ತದೆ, ಕೆಂಪು ತುಂಬಿ ತುಳುಕಿ ನರಗಳೆಲ್ಲ ಮಾಯವಾಗಿ ಎಲೆ ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತದೆ. ಮುಕ್ಕಾಲು ಸ್ಟಾಪಿನಷ್ಟು ಬೆಳಕು ಇಳಿಸಿ. ಮೊಬೈಲಾದರೆ ಎಲೆಯ ಮೇಲೆ ಬೆರಳೊತ್ತಿ ಆ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ, ಸಾಕು. ವೈಟ್ ಬ್ಯಾಲೆನ್ಸ್ 'ಆಟೋ'ದಲ್ಲಿದ್ದರೆ ಬೆಳಗಿನ ಬೆಚ್ಚಗಿನ ಬಣ್ಣವನ್ನು ದೋಷ ಅಂತ ತಿಳಿದು ತಿದ್ದುತ್ತದೆ, 'ಡೇಲೈಟ್'ಗೆ ಹಾಕಿ. ತಂತಿ ಬಂದರೆ ಬರಲಿ. ನಾನು ಮೊದಲು ತಂತಿಗಳನ್ನು ಅಳಿಸುತ್ತಿದ್ದೆ, ಈಗ ಬಿಟ್ಟಿದ್ದೇನೆ. ತಂತಿ ಇಲ್ಲದ ಚೆನ್ನೈ ಬೀದಿ ಅಂದರೆ ಅದು ಸುಳ್ಳು, ಸ್ಯಾಚುರೇಷನ್ ಏರಿಸಿದ ಚಿನಾರ್ ಹಾಗೆ.

ಬಾದಾಮಿ ಒಂದೇ ಅಲ್ಲ. ಫೆಬ್ರವರಿ ಮುಗಿಯುವಾಗ ದೇವಸ್ಥಾನದ ಮೂಲೆಗಳ ಅರಳಿ ಮರ ನೋಡಿ, ತಾಮ್ರದ ಬಣ್ಣದ ತಳಿರು, ಬೆಳಿಗ್ಗೆ ಗಾಳಿಗೆ ನಡುಗುತ್ತಿರುತ್ತದೆ. ಇದು ಸಾಯುವ ಕೆಂಪಲ್ಲ, ಹುಟ್ಟುವ ಕೆಂಪು. ಮಾವಿನದೂ ಹಾಗೇ. ಎಳೆಯ ಎಲೆ ಮೊದಲು ಕೆಂಪಾಗಿ ಬಂದು ಆಮೇಲೆ ಹಸಿರಾಗುವುದು. ಕೆಂದಳಿರು ಅಂತ ಕನ್ನಡದಲ್ಲಿ ಒಂದೇ ಪದದಲ್ಲಿ ಹೇಳಿ ಮುಗಿಸುತ್ತೇವಲ್ಲ, ಅದು. ನಮಗೆ ಪದವೂ ಇದೆ, ಮರವೂ ಇದೆ, ನೋಡುವ ಅಭ್ಯಾಸ ಒಂದೇ ಇಲ್ಲ. ಮಾರ್ಚಿನಲ್ಲಿ ಹೊಂಗೆ ಬೋಳಾಗಿ ವಾರ ಕಳೆಯುವಷ್ಟರಲ್ಲಿ ಗಿಳಿಹಸಿರು. ರಾತ್ರಿ ಎಲೆ ಮಡಚುವ ಮಳೆಮರಕ್ಕೆ ಇಲ್ಲಿ ತೂಂಗುಮೂಂಜಿ ಅನ್ನುತ್ತಾರೆ, ನಿದ್ದೆಗಣ್ಣಿನ ಮುಖದ್ದು ಅಂತ! ಇಂಥ ಹೆಸರಿಟ್ಟವರ ಊರಿಗೆ ಋತುಗಳೇ ಇಲ್ಲ ಅನ್ನುತ್ತೀರಾ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಇಷ್ಟೆಲ್ಲ ಬರೆದದ್ದು ಅದಕ್ಕೇ.

2016ರ ಡಿಸೆಂಬರ್ 12ರಂದು ವರ್ಧಾ ಚಂಡಮಾರುತ ಬಂದು ಈ ಊರಿನ ಸಾವಿರಾರು ಮರಗಳನ್ನು ಒಂದೇ ಮಧ್ಯಾಹ್ನದಲ್ಲಿ ಮಲಗಿಸಿತು. ನಮ್ಮ ಬೀದಿಯಲ್ಲೇ ಗುಲ್‌ಮೊಹರ್ ಎರಡು, ಹಳದಿ ಹೂವಿನ ಕಾಪರ್‌ಪಾಡ್ ಒಂದು ಬುಡಸಮೇತ ಬಿದ್ದವು. ಬಾದಾಮಿ ಒಂದು ಕೊಂಬೆ ಕಳೆದುಕೊಂಡು ನಿಂತುಕೊಂಡಿತು. ಮುಂದಿನ ಬೇಸಿಗೆಯಲ್ಲಿ ಇಡೀ ಬೀದಿಗೆ ಇದ್ದದ್ದು ಅದೊಂದೇ ನೆರಳು. ಇಸ್ತ್ರಿಯವನು ಗಾಡಿಯನ್ನು ತಂದು ಅದರಡಿ ನಿಲ್ಲಿಸಿದ, ಇಂದಿಗೂ ಅಲ್ಲೇ ಇದ್ದಾನೆ.

2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಬಂತು. ನೆಲಮಹಡಿಯ ಪಾರ್ಕಿಂಗಿಗೆ ನೀರು ನುಗ್ಗಿತು, ನಾಲ್ಕು ಕಾರು ಹಾಳಾದವು. ನೀರು ಇಳಿದ ಮೇಲೆ ಕಾರಣ ಹುಡುಕಬೇಕಲ್ಲ? ಜನವರಿಯ ಅಸೋಸಿಯೇಷನ್ ಮೀಟಿಂಗಿನಲ್ಲಿ ಕಾರಣ ಸಿಕ್ಕಿತು: ಬಾದಾಮಿ ಮರ. ಎಲೆ ಬಿದ್ದು ಚರಂಡಿ ಕಟ್ಟಿತಂತೆ. "ಒರೇ ಕುಪ್ಪೈ ಸಾರ್" ಅಂದರು ಕಾರ್ಯದರ್ಶಿಗಳು. ಮರ ಕಡಿಸುವ ಸಲಹೆ ಎತ್ತಿದವರು ಯಾರು ಗೊತ್ತೇ? ನಮ್ಮ ಮೈಸೂರಿನವರು! ಫೋನಿನ ವಾಲ್‌ಪೇಪರಿನಲ್ಲಿ ನಿಶಾತ್ ಬಾಗ್ ಇಟ್ಟುಕೊಂಡವರು. ಕಾಶ್ಮೀರದಲ್ಲಿ ಚಿನಾರ್ ಎಲೆ ಎತ್ತಿಕೊಂಡು ಹೆಂಡತಿಯ ಪುಸ್ತಕದೊಳಗೆ ಇಟ್ಟುಕೊಂಡು ವಿಮಾನದಲ್ಲಿ ತಂದವರು. "ನಮ್ಮ ಮೈಸೂರಲ್ಲಾದ್ರೆ ಮರಗಳನ್ನ ಎಷ್ಟು ಚೆನ್ನಾಗಿ ಇಟ್ಕೊಂಡಿರ್ತಾರೆ, ಇಲ್ಲಿ ಯಾವುದಕ್ಕೂ ಪ್ಲಾನಿಂಗೇ ಇಲ್ಲ ನೋಡಿ" ಅಂತ ನನ್ನ ಕಿವಿಯಲ್ಲಿ ಕನ್ನಡದಲ್ಲಿ ಹೇಳಿ, ಆಮೇಲೆ ಎದ್ದು ನಿಂತು ತಮಿಳಿನಲ್ಲಿ ಕಡಿಸೋಣ ಅಂದರು. ಅಲ್ಲಿ ಚಿನಾರ್ ಮರಗಳನ್ನು ಜಿಯೋಟ್ಯಾಗ್ ಮಾಡಿ, ಒಂದೊಂದಕ್ಕೂ ಕ್ಯೂಆರ್ ಕೋಡ್ ಹಾಕಿ ಕಾಯುತ್ತಿದ್ದಾರೆ ಅನ್ನುವ ಸುದ್ದಿಯನ್ನು ಆಮೇಲೆ ಗ್ರೂಪಿನಲ್ಲಿ ಮೆಚ್ಚಿ ಹಂಚಿದವರೂ ಅವರೇ.

ನಾನು ಎದ್ದು ನಿಂತೆ. ತಮಿಳಿನಲ್ಲಿ ಜಗಳವಾಡುವಷ್ಟು ತಮಿಳು ಬರುತ್ತದೆ, ಗೆಲ್ಲುವಷ್ಟು ಬರುವುದಿಲ್ಲ. ಆದರೆ ಫೋಟೋ ಇದ್ದವು. ಹಿಂದಿನ ಜನವರಿಯಿಂದ ತೆಗೆದ ಚಿತ್ರಗಳಿಗೆ ತಾರೀಖು ಇತ್ತು. ಎಲೆ ಉದುರುವುದು ಜನವರಿ-ಫೆಬ್ರವರಿಯಲ್ಲಿ, ನೀರು ನುಗ್ಗಿದ್ದು ಡಿಸೆಂಬರಿನಲ್ಲಿ. ನವೆಂಬರಿನ ಚಿತ್ರದಲ್ಲಿ ಮರ ಅಚ್ಚ ಹಸಿರು, ಕೆಳಗೆ ನೆಲ ಖಾಲಿ. ಗಾಳಿಗೆ ಹರಿದು ಬಿದ್ದ ಎಲೆ ಇರಲಿಲ್ಲ ಅಂತ ನಾನು ಹೇಳಲಿಲ್ಲ, ಇದ್ದವು. ಆದರೆ ಚರಂಡಿ ತೆಗೆಸಿದ ದಿನ ಬಂದದ್ದನ್ನೂ ತೆಗೆದಿಟ್ಟಿದ್ದೆ: ಹಾಲಿನ ಕವರುಗಳು, ಪಕ್ಕದ ಕಟ್ಟಡದ ಎಂ-ಸ್ಯಾಂಡು, ಒಂದು ಹೆಲ್ಮೆಟ್ಟಿನ ಗಾಜು, ಎರಡು ಚಪ್ಪಲಿ. ಎಲೆ ಮೇಲಿನ ಪದರದಲ್ಲಿ ಅಂಗೈಯಷ್ಟು. ಇನ್ನೊಂದು ಮಾತನ್ನೂ ಹೇಳಿದೆ. ಇದೇ ಊರಿನ ಕೊಳತ್ತೂರಿನಲ್ಲಿ ಬಣ್ಣದ ಮೀನು ಸಾಕಿ ಮಾರುವವರು ಎಷ್ಟು ಜನ ಇದ್ದಾರೆ. ಮೀನು ಸಾಕುವವರು ಒಣಗಿದ ಬಾದಾಮಿ ಎಲೆಯನ್ನು ತೊಟ್ಟಿಗೆ ಹಾಕುತ್ತಾರೆ, ಪ್ಯಾಕೆಟ್ಟು ಕಟ್ಟಿ ಆನ್‌ಲೈನಿನಲ್ಲಿ ಮಾರುತ್ತಾರೆ. ನೀವು ಕುಪ್ಪೈ ಅನ್ನುವುದನ್ನು ಜನ ದುಡ್ಡು ಕೊಟ್ಟು ತರಿಸಿಕೊಳ್ಳುತ್ತಿದ್ದಾರೆ ಸ್ವಾಮಿ! ಎಲ್ಲರೂ ನಕ್ಕರು. ನಕ್ಕದ್ದು ನನ್ನ ಮೇಲೋ ಮಾತಿನ ಮೇಲೋ ಈಗಲೂ ಗೊತ್ತಿಲ್ಲ.

ತೀರ್ಮಾನ ಅರ್ಧಕ್ಕರ್ಧ ಆಯಿತು. ಮರ ಕಡಿಯುವುದು ಬೇಡ, ಪಾರ್ಕಿಂಗ್ ಕಡೆಯ ಅರ್ಧವನ್ನು ಕತ್ತರಿಸುವುದು. ಮತ್ತು "ಸಾರ್‌ಗೆ ಅಷ್ಟು ಪ್ರೀತಿ ಇದ್ದರೆ ಎಲೆ ಅವರೇ ಗುಡಿಸಲಿ" ಅಂತ ಮೂರನೇ ಮಹಡಿಯವರೊಬ್ಬರು ತಮಾಷೆಗೆ ಅಂದದ್ದನ್ನು ಕಾರ್ಯದರ್ಶಿಗಳು ಮಿನಿಟ್ಸ್‌ನಲ್ಲಿ ಬರೆದುಕೊಂಡೇ ಬಿಟ್ಟರು. ಫೆಬ್ರವರಿಯ ಒಂದು ಬುಧವಾರ, ನಾನು ಆಫೀಸಿನಲ್ಲಿದ್ದಾಗ ಆಳುಗಳು ಬಂದು ಕತ್ತರಿಸಿದರು. ಮರ ಪೂರ್ತಿ ಕೆಂಪಾಗಿದ್ದ ವಾರ ಅದು. ಸಂಜೆ ಬಂದು ನೋಡಿದರೆ ಗೇಟಿನ ಪಕ್ಕ ಕೊಂಬೆಗಳ ರಾಶಿ, ಎಲೆಗಳು ಇನ್ನೂ ಬಾಡಿರಲಿಲ್ಲ. ಅದರ ಚಿತ್ರ ತೆಗೆಯಲಿಲ್ಲ. ತೆಗೆಯಬೇಕಿತ್ತು ಅನ್ನಿಸುತ್ತದೆ ಈಗ.

ಅವರ ತೊಂದರೆ ನನಗೆ ಅರ್ಥವಾಗದ್ದೇನಲ್ಲ. ಕಾರು ಹಾಳಾದವರಿಗೆ ಯಾರ ಮೇಲಾದರೂ ಕೋಪ ಬರಲೇಬೇಕು. ಮೋಡ, ಸಮುದ್ರ, ಊರಿನ ಕೆರೆಗಳ ಮೇಲೆ ಎದ್ದ ಕಟ್ಟಡ, ಇವುಗಳ ಮೇಲೆ ಕೋಪ ಮಾಡಿಕೊಂಡು ಏನು ಮಾಡುವುದು? ಮರ ಕೈಗೆ ಸಿಗುತ್ತದೆ. ಆದರೆ ಕಾಶ್ಮೀರಕ್ಕೆ ಹೋಗಿ ಎಲೆಯ ಮುಂದೆ ಕ್ಯೂ ನಿಂತ ಕಣ್ಣು ಮನೆಯಂಗಳದ ಎಲೆಯನ್ನು ಕಸ ಅಂತ ಕಾಣುವುದು ಹೇಗೆ ಅಂತ ಕೇಳಿದರೆ ನನ್ನ ಬಳಿ ಒಂದೇ ಉತ್ತರ ಇದೆ. ಅಂಗಳ ತನ್ನದು ಅಂತ ಅನ್ನಿಸಿಲ್ಲ. ಮೈಸೂರು ತನ್ನದು, ಶ್ರೀನಗರ ರಜೆ, ಚೆನ್ನೈ ಬರೀ ವಿಳಾಸ. ಮೈಸೂರಿನವರೊಬ್ಬರನ್ನೇ ಯಾಕೆ ಅನ್ನಲಿ, ಅಂಬತ್ತೂರಿನಲ್ಲಿ ನಾಲ್ಕು ವರ್ಷ ಸ್ಕೂಟರ್ ಸೀಟು ಒರೆಸಿದವನು ನಾನೇ ಅಲ್ಲವೇ. ನ್ಯೂಜೆರ್ಸಿಯಲ್ಲೋ ಪುಣೆಯಲ್ಲೋ ಕುಳಿತು ಇದನ್ನು ಓದುತ್ತಿರುವ ನೀವೂ ಒಮ್ಮೆ ಲೆಕ್ಕ ಹಾಕಿ: ನಿಮ್ಮ ಗೇಟಿನೆದುರು ಇರುವ ಮರದ ಹೆಸರು ಗೊತ್ತೇ? ಅಲ್ಲಿಯವರ ಭಾಷೆಯಲ್ಲಿ?

ಹೌದು, ಮಿನಿಟ್ಸ್‌ನಲ್ಲಿ ಬರೆದದ್ದನ್ನು ನಾನು ಪಾಲಿಸುತ್ತಿದ್ದೇನೆ. ಎಲೆಯ ದಿನಗಳಲ್ಲಿ ಆರೂ ಮುಕ್ಕಾಲಿಗೆ ಕ್ಯಾಮೆರಾ ಹಿಡಿದು ಕೆಳಗಿಳಿಯುತ್ತೇನೆ, ಎಂಟರ ಹೊತ್ತಿಗೆ ಪೊರಕೆ. ದಿನಕ್ಕೆ ಅರ್ಧ ಗೋಣಿಚೀಲ, ಗಾಳಿ ಇದ್ದರೆ ಪೂರ್ತಿ. ಮೊದಲು ಭೋಗಿಯ ದಿನ ಇವನ್ನೆಲ್ಲ ಒಟ್ಟಿ ಸುಡುತ್ತಿದ್ದರು. 2018ರ ಭೋಗಿಯ ಬೆಳಿಗ್ಗೆ ಹೊಗೆ, ಮಂಜು ಸೇರಿ ವಿಮಾನಗಳೇ ಅಸ್ತವ್ಯಸ್ತವಾದ ಊರು ಇದು. ಈಗ ಹಿಂದಿನ ಗೋಡೆ ಪಕ್ಕ ಒಂದು ಗುಂಡಿ ಮಾಡಿ ಹಾಕುತ್ತಿದ್ದೇನೆ. ಬಾದಾಮಿ ಎಲೆ ದಪ್ಪ, ಬೇಗ ಕೊಳೆಯುವುದಿಲ್ಲ, ಒಂದು ವರ್ಷ ಬೇಕು. "ರೀ, ನಮ್ಮಪ್ಪ ನೋಡಿದ್ರೆ ಏನಂದ್ಕೋತಿದ್ರು, ಅಳಿಯನಿಗೆ ಇಂಜಿನಿಯರಿಂಗ್ ಓದಿಸಿದ್ದು ಇದಕ್ಕಾ ಅಂತ" ಅನ್ನುತ್ತಾಳೆ ನನ್ನಾಕೆ, ಬಾಲ್ಕನಿಯಿಂದ. ಓದಿಸಿದ್ದು ಅವರಪ್ಪ ಅಲ್ಲ, ಇರಲಿ.

ಕತ್ತರಿಸಿದ ಕಡೆ ಎರಡು ಹೊಸ ಕೊಂಬೆ ಒಡೆದಿವೆ, ತೆಳ್ಳಗೆ, ಪಾರ್ಕಿಂಗಿನ ಕಡೆಗೇ ಬಾಗಿಕೊಂಡು. ಅದನ್ನು ನೋಡಿದವರು ಇನ್ನೂ ನಾನೊಬ್ಬನೇ ಅಂತ ಕಾಣುತ್ತದೆ, ಯಾರಿಗೂ ಹೇಳಿಲ್ಲ. ಮೈಸೂರಿನವರು ದಿನಾ ಬೆಳಿಗ್ಗೆ ಅದರಡಿಯಲ್ಲೇ ವಾಕಿಂಗ್ ಹೋಗುತ್ತಾರೆ. ನಮ್ಮಿಬ್ಬರ ನಡುವೆ ಮಾತು ನಿಂತಿಲ್ಲ, ಹೊರನಾಡಿನಲ್ಲಿ ಕನ್ನಡ ಮಾತಾಡುವವರನ್ನು ಕಳೆದುಕೊಳ್ಳುವಷ್ಟು ಶ್ರೀಮಂತಿಕೆ ಯಾರಿಗಿದೆ? ಹೋದ ಸಲದ ಎಲೆಗಾಲದಲ್ಲಿ ಒಂದು ದಿನ ನಾನು ಗುಡಿಸುವುದನ್ನು ಸ್ವಲ್ಪ ಹೊತ್ತು ನಿಂತು ನೋಡಿದರು. ಏನೋ ಹೇಳುತ್ತಾರೆ ಅಂತ ನಾನೂ ಪೊರಕೆ ನಿಲ್ಲಿಸಿದೆ.

"ಆ ಇಸ್ತ್ರಿ ಗಾಡಿ ಕೆಳಗೆ ಎರಡು ಬಿಟ್ಟಿದ್ದೀರಿ" ಅಂದು ಮುಂದೆ ಹೋದರು.